ಹಿಂಡಿನಿಂದ ಹೊರಬಿದ್ದ ಪದ

ಹೋದ ಜೂನ್‌ನಲ್ಲಿ ನಮ್ಮ ಟೀಮಿಗೆ ಒಬ್ಬ ಹುಡುಗ ಸೇರಿದ. ರಾಣೆಬೆನ್ನೂರು ಕಡೆಯವನು. ಎಸ್‌ಎಸ್‌ಎಲ್‌ಸಿವರೆಗೂ ಕನ್ನಡ ಮೀಡಿಯಂ. ಕೋಡ್ ಬರೆಯೋದರಲ್ಲಿ ಚುರುಕು, ಮೀಟಿಂಗಿನಲ್ಲಿ ಮಾತ್ರ ಸದಾ ಮ್ಯೂಟ್. ಬೆಳ್ಳಂದೂರಿನ ನಮ್ಮ ಆಫೀಸಿನ ಗೇಟಿನಾಚೆ ಒಂದು ಟೀ ಅಂಗಡಿ ಇದೆ. ಒಂದು ಸಂಜೆ ಅಲ್ಲಿ ನಿಂತಿದ್ದಾಗ ಅವನ ಕೈಯಲ್ಲೊಂದು ಪುಟ್ಟ ನೋಟ್‌ಬುಕ್ ಕಂಡೆ. ಇಸ್ಕೊಂಡು ತೆರೆದು ನೋಡಿದರೆ ಅಬೇಟ್, ಅಬೆರಂಟ್, ಅಬೇಯನ್ಸ್, ಅಬ್‌ಸ್ಕಾಂಡ್... ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕನ್ನಡ ಅರ್ಥ.

"ಫೀಡ್‌ಬ್ಯಾಕ್‌ನಾಗ ಇಂಪ್ರೂವ್ ಕಮ್ಯುನಿಕೇಷನ್ ಅಂತ ಬರದಾರ್ರಿ ಅಣ್ಣಾರ. ಅದಕ್ಕ ದಿನಾ ಇಪ್ಪತ್ತು ಬಾಯಿಪಾಠ ಮಾಡಾಕತ್ತೀನಿ. ಆರ್ ತಿಂಗಳದಾಗ ಮೂರೂವರಿ ಸಾವಿರ ಮುಗೀತಾವ."

"ಎಲ್ಲಿಗೆ ಬಂತು?"

"ಬಿ ಮುಗದೈತ್ರಿ. ಆದ್ರ ಎ ಮರ್ತ ಹೋಗೈತಿ."

ಇಬ್ಬರೂ ನಕ್ಕೆವು. ಆದರೆ ನನಗೆ ಒಳಗೆ ಕಸಿವಿಸಿ. ಯಾಕಂದ್ರೆ ಹತ್ತು ಹನ್ನೆರಡು ವರ್ಷದ ಹಿಂದೆ ಅಂಥದ್ದೇ ಒಂದು ನೋಟ್‌ಬುಕ್ ನನ್ನ ಜೇಬಲ್ಲೂ ಇತ್ತು. ಅದು ನನಗೆ ಏನು ಮಾಡ್ತು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಆಮೇಲೆ ಇತಿಹಾಸಕ್ಕೆ ಬರೋಣ.

ನಾನು ತಿಪಟೂರು ತಾಲ್ಲೂಕಿನ ಹಳ್ಳಿಯವನು. ನಮಗೆ ಎಬಿಸಿಡಿ ಶುರುವಾಗಿದ್ದು ಐದನೇ ಕ್ಲಾಸಿನಲ್ಲಿ. ಸಿಇಟಿಯಲ್ಲಿ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದ ಕೋಟಾ ಅಂತ ಇದ್ದಿದ್ದಕ್ಕೆ ಬಿಇ ಸೀಟು ಸಿಕ್ಕಿತು. ಫೈನಲ್ ಇಯರ್‌ನಲ್ಲಿ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಒಂದು ಪದಪಟ್ಟಿಯ ಗೈಡ್ ಕೊಂಡೆ. ಕನ್ನಡದಲ್ಲಿ ಅರ್ಥವೂ ಇತ್ತು. ಜಿಆರ್‌ಇ ಬರೆಯೋ ಆಸೆ ಏನೂ ಇರಲಿಲ್ಲ. ದೊಡ್ಡ ದೊಡ್ಡ ಪದ ಬಂದರೆ ದೊಡ್ಡ ಮನುಷ್ಯನ ಥರ ಕಾಣ್ತೀನಿ ಅನ್ನೋ ನಂಬಿಕೆ, ಅಷ್ಟೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ರಿಲೀಸ್ ರಾತ್ರಿಯೆಲ್ಲಾ ಎಳೆದಾಡಿತು. ಅಮೆರಿಕದ ಕ್ಲೈಂಟ್ ಕಡೆಯ ಮ್ಯಾನೇಜರೊಬ್ಬರು ನಮ್ಮ ಜೊತೆಗೇ ಕೂತು ಮುಗಿಸಿಕೊಟ್ಟರು. ಬೆಳಿಗ್ಗೆ ಕೃತಜ್ಞತೆಯಿಂದ ಒಂದು ಮೇಲ್ ಬರೆದೆ. ಬರೀ 'ಗ್ರೇಟ್ ಸಪೋರ್ಟ್' ಅಂದರೆ ಸಾಲದು ಅನ್ನಿಸ್ತು. ಗೈಡಿನಲ್ಲಿ 'ಅಸಾಧಾರಣವಾದ' ಅಂತ ಅರ್ಥ ಕೊಟ್ಟಿದ್ದ ಒಂದು ಪದ ನೆನಪಾಯಿತು. 'ಥ್ಯಾಂಕ್ ಯೂ ಫಾರ್ ಯುವರ್ ಇಗ್ರೀಜಿಯಸ್ ಸಪೋರ್ಟ್' ಅಂತ ಬರೆದು, ನಮ್ಮ ಕಡೆಯ ಹನ್ನೊಂದು ಜನರನ್ನು ಸಿಸಿಯಲ್ಲಿಟ್ಟು ಕಳಿಸಿದೆ.

ಅರ್ಧ ಗಂಟೆಯಲ್ಲಿ ಲೀಡ್ ಕರೆದರು. "ಏನಪ್ಪಾ, ಈ ಪದದ ಅರ್ಥ ಗೊತ್ತಾ ನಿಂಗೆ?" ಗೊತ್ತು ಅಂದೆ. "ಅಸಹ್ಯ ಅನ್ನೋಷ್ಟು ಕೆಟ್ಟದ್ದು ಅಂತ ಅರ್ಥ" ಅಂದರು. ಕ್ಷಮೆ ಕೇಳೋ ಮೇಲ್ ಅವರೇ ಡ್ರಾಫ್ಟ್ ಮಾಡಿಕೊಟ್ಟರು. ಆ ಮ್ಯಾನೇಜರ್ ದೊಡ್ಡ ಮನಸ್ಸಿನವರು, ನಕ್ಕು ಬಿಟ್ಟರು. ನಾನು ಮಾತ್ರ ಆವತ್ತಿನಿಂದ ಕಾಲ್‌ನಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದೆ. ಹೆಚ್ಚು ಮಾತಾಡಲಿ ಅಂತ ಕೊಂಡ ಪುಸ್ತಕ ಇದ್ದ ಮಾತನ್ನೂ ಕಿತ್ತುಕೊಂಡಿತ್ತು.

ಆ ಪದದ ಜಾತಕ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದರೆ ಹಿಂಡು, ಮಂದೆ. 'ಹಿಂಡಿನಿಂದ ಎದ್ದು ಕಾಣುವಂಥದ್ದು' ಅನ್ನೋದೇ ಇಗ್ರೀಜಿಯಸ್‌ನ ಮೂಲ ಅರ್ಥ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ಹೊಗಳಿಕೆಯ ಮಾತಾಗಿಯೂ ಬಳಕೆಯಲ್ಲಿತ್ತು. ಆಮೇಲೆ ಜನ ವ್ಯಂಗ್ಯವಾಗಿ ಬಳಸಿ ಬಳಸಿ, ಕೆಟ್ಟತನದಲ್ಲಿ ಎದ್ದು ಕಾಣೋದು ಅಂತಾಯಿತು. ಒಟ್ಟಿನಲ್ಲಿ ನನ್ನ ಮೇಲ್ ಸುಮಾರು ನಾಲ್ಕೂವರೆ ಶತಮಾನ ತಡವಾಗಿ ಡೆಲಿವರಿ ಆಯಿತು.

ಇನ್ನೂ ಮಜಾ ಇರೋದು ಅದರ ನೆಂಟರಿಷ್ಟರಲ್ಲಿ. ಹಿಂಡಿಗೆ ಸೇರಿಸೋದು ಅಗ್ರಿಗೇಟ್. ಹಿಂಡಿನಿಂದ ಬೇರೆ ಮಾಡೋದು ಸೆಗ್ರಿಗೇಟ್. ಹಿಂಡುಗೂಡೋದು ಕಾಂಗ್ರಿಗೇಟ್. ಹಿಂಡಿನಲ್ಲಿ ಇರೋಕೆ ಇಷ್ಟಪಡೋನು ಗ್ರಿಗೇರಿಯಸ್. ಎಸ್‌ಕ್ಯೂಎಲ್‌ನ ಅಗ್ರಿಗೇಟ್ ಫಂಕ್ಷನ್ ನಾನು ದಿನಾ ಬಳಸ್ತಿದ್ದೆ. ಹಸಿ ಕಸ, ಒಣ ಕಸ ಸೆಗ್ರಿಗೇಟ್ ಮಾಡಿ ಅಂತ ಬಿಬಿಎಂಪಿ ಗಾಡಿ ದಿನಾ ಕೂಗ್ತಿತ್ತು. ಊರಲ್ಲಿ ಕುರಿಮಂದೆ ನೋಡಿಕೊಂಡೇ ಬೆಳೆದಿದ್ದೆ. ಎಲ್ಲವೂ ನನ್ನ ಕೈಯಲ್ಲೇ ಇತ್ತು. ಗೈಡು ಆ ಐದನ್ನೂ ಎ, ಸಿ, ಇ, ಜಿ, ಎಸ್ ಅಂತ ಐದು ದಿಕ್ಕಿಗೆ ಚೆದುರಿಸಿ ಇಟ್ಟಿತ್ತು.

ನಮ್ಮ ಭಾಷೆಯಲ್ಲೇ ಹೇಳಬೇಕು ಅಂದರೆ ಅಕಾರಾದಿ ಪಟ್ಟಿ ಒಂದು ಇಂಡೆಕ್ಸ್. ಬೇಕಾದ್ದನ್ನ ಬೇಗ ಹುಡುಕೋಕೆ ಅದು ಬೇಕೇ ಬೇಕು. ಆದರೆ ಟೇಬಲ್ಲುಗಳ ನಡುವಿನ ಸಂಬಂಧವನ್ನ ಅದು ಹೇಳಲ್ಲ. ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಒಂದು ಇಂಡೆಕ್ಸನ್ನ ಬಾಯಿಪಾಠ ಮಾಡಿದ್ದೆ.

ಹಾಗಾದರೆ ಈ ನಾಡಿನಲ್ಲಿ ನಿಜವಾಗಿ ಕಷ್ಟದ ಪದಗಳನ್ನು ಕಲಿತವರು ಹೇಗೆ ಕಲಿತರು? ಈ ಪ್ರಶ್ನೆ ಹಿಡಿದು ನಾಲ್ಕಾರು ವರ್ಷ ಬಿಡುವಾದಾಗೆಲ್ಲ ಓದಿದೆ. ಓದಿದ್ದರಲ್ಲಿ ಕೆಲವು ಇಲ್ಲಿವೆ.

ಪಟ್ಟಿಗಳು ನಮಗೆ ಹೊಸದಲ್ಲ

ಪದ ಬಾಯಿಪಾಠ ಮಾಡೋದು ಬ್ರಿಟಿಷರು ತಂದ ಚಟ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಇಂಗ್ಲಿಷ್ ಬರೋಕೆ ಎಷ್ಟೋ ಮುಂಚೆ ನಮ್ಮಲ್ಲಿ 'ಕಷ್ಟದ ಪದ' ಅಂದರೆ ಸಂಸ್ಕೃತದ ಪದ. ಅದನ್ನು ಕಲಿಯೋಕೆ ಇದ್ದದ್ದು ಅಮರಸಿಂಹನ ಅಮರಕೋಶ. ಸುಮಾರು ಒಂದೂವರೆ ಸಾವಿರ ಶ್ಲೋಕಗಳು. ಪಾಠಶಾಲೆಗಳಲ್ಲಿ ಮಕ್ಕಳು ಅದನ್ನು ರಾಗವಾಗಿ ಉರು ಹೊಡೀತಿದ್ದರು.

ಆದರೆ ಅದರ ಜೋಡಣೆ ನೋಡಿ. ಅಮರಕೋಶದಲ್ಲಿ ಅಕಾರಾದಿ ಇಲ್ಲ. ಮೂರು ಕಾಂಡ, ಅದರೊಳಗೆ ವರ್ಗಗಳು. ಸ್ವರ್ಗವರ್ಗ, ಕಾಲವರ್ಗ, ವಾರಿವರ್ಗ, ಭೂಮಿವರ್ಗ, ಪುರವರ್ಗ, ವನೌಷಧಿವರ್ಗ ಹೀಗೆ. ನೀರಿಗೆ ಸಂಬಂಧಪಟ್ಟದ್ದು ಒಂದು ಕಡೆ, ಗಿಡಮರ ಒಂದು ಕಡೆ, ಊರುಕೇರಿ ಒಂದು ಕಡೆ. ವಾರಿವರ್ಗ ಕಲಿಯೋ ಹುಡುಗನಿಗೆ ಸಮುದ್ರ, ಅಲೆ, ದಡ, ದೋಣಿ, ಮೀನು ಎಲ್ಲಾ ಒಂದೇ ಉಸಿರಿಗೆ ಬರ್ತಿತ್ತು. ಒಂದು ಪದ ಮರೆತರೂ ಪಕ್ಕದ್ದು ಅದನ್ನ ಎಳೆದು ತರ್ತಿತ್ತು. ಛಂದಸ್ಸು ಬೇರೆ ಕಾವಲಿಗೆ. ಒಂದು ಪದ ಬಿಟ್ಟುಹೋದರೆ ಸಾಲೇ ಕುಂಟುತ್ತಿತ್ತು.

ಕನ್ನಡದವರೂ ಅದೇ ದಾರಿ ಹಿಡಿದರು. 10ನೇ ಶತಮಾನದ ಕವಿ ರನ್ನನ ಹೆಸರಿನಲ್ಲಿ 'ರನ್ನಕಂದ' ಅನ್ನೋ ಪುಟ್ಟ ನಿಘಂಟು ಸಿಕ್ಕಿದೆ, ಅದೂ ಪದ್ಯದಲ್ಲೇ. 16ನೇ ಶತಮಾನದ ಲಿಂಗಮಂತ್ರಿ ಬರೆದ ನಿಘಂಟಿನ ಹೆಸರೇ 'ಕಬ್ಬಿಗರ ಕೈಪಿಡಿ'. ಕವಿಯಾಗಬೇಕು ಅಂದುಕೊಂಡವನಿಗೆ ಹ್ಯಾಂಡ್‌ಬುಕ್! ಇದಕ್ಕೆ ಉಲ್ಟಾ ಹೊಡೆದವನೂ ನಮ್ಮಲ್ಲೇ ಇದ್ದ. 13ನೇ ಶತಮಾನದ ಆಂಡಯ್ಯ ಸಂಸ್ಕೃತ ಪದಗಳನ್ನು ಇದ್ದ ಹಾಗೇ ತಗೊಳ್ಳಲ್ಲ ಅಂತ ಹಟ ಹಿಡಿದು 'ಕಬ್ಬಿಗರ ಕಾವ' ಬರೆದ. ಅಂದರೆ 'ದೊಡ್ಡ ಪದ ಬೇಕಾ, ನಮ್ಮ ಮಾತೇ ಸಾಕಾ' ಅನ್ನೋ ಜಗಳ ಇಲ್ಲಿ ಏಳೆಂಟು ಶತಮಾನ ಹಳೆಯದು.

ಒಂದು ಮಾತನ್ನ ಮುಚ್ಚಿಡದೆ ಹೇಳಬೇಕು. ಆ ವರ್ಗಗಳ ಸೊಗಸು ಎಲ್ಲರಿಗೂ ಸಿಗ್ತಿರಲಿಲ್ಲ. ಅಮರಕೋಶ ಹೇಳಿಕೊಡ್ತಿದ್ದ ಜಗಲಿಗೆ ನಮ್ಮಜ್ಜನಂಥವರು ಹತ್ತುವ ಹಾಗಿರಲಿಲ್ಲ. ಫುಟ್‌ಪಾತಿನ ಗೈಡು ಎಷ್ಟೇ ಕೆಟ್ಟದಾಗಿರಲಿ, ನೂರು ರೂಪಾಯಿ ಕೊಟ್ಟ ಯಾರಿಗಾದರೂ ಸಿಗುತ್ತೆ, ಜಾತಿ ಕೇಳಲ್ಲ. ಅದಕ್ಕೇ ಆ ಗೈಡನ್ನ ನಾನು ಬೈಯೋದು ಅರ್ಧ ಮನಸ್ಸಿನಿಂದ.

ಅವರು ಬಾಯಿಪಾಠ ಮಾಡುತ್ತಿದ್ದ ಕಾಲ

ಈಗ 1812ಕ್ಕೆ ಬನ್ನಿ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಅಂತ ಶುರು ಮಾಡ್ತು. ಯಾರಿಗೆ? ಇಂಗ್ಲೆಂಡಿನಿಂದ ಹಡಗು ಇಳಿದ ತರುಣ ಅಧಿಕಾರಿಗಳಿಗೆ. ಇಲ್ಲಿನ ಭಾಷೆ ಕಲಿತು ಪರೀಕ್ಷೆ ಪಾಸು ಮಾಡೋದು ಅವರ ನೌಕರಿಯ ಭಾಗ. ಬೇರೆ ದೇಶದ ಹುಡುಗರು, ನಾಲಿಗೆ ಹೊರಳದ ಪದಗಳು, ಮೇಲೆ ಮ್ಯಾನೇಜ್‌ಮೆಂಟಿನ ಕಣ್ಣು. ಕಂಪನಿ, ಟ್ರೈನಿಂಗ್, ಅಸೆಸ್‌ಮೆಂಟ್, ಎಲ್ಲಾ ನಮ್ಮ ಹಾಗೇ. ದಿಕ್ಕು ಮಾತ್ರ ಉಲ್ಟಾ. ಆಗ ಉರು ಹೊಡೀತಿದ್ದವರು ಅವರು, ಉರು ಹೊಡೀತಿದ್ದದ್ದು ನಮ್ಮ ಪದಗಳನ್ನ.

ಆ ಬೇಡಿಕೆಗೆ ಸರಕು ಹುಟ್ಟಿತು. 1820ರಲ್ಲಿ ಜಾನ್ ಮೆಕೆರೆಲ್ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕ್ರಮ ಗಮನಿಸಿ. ಮೊದಲು ಬಂದದ್ದು ಇಂಗ್ಲಿಷಿನಿಂದ ಕನ್ನಡಕ್ಕೆ. ಅಂದರೆ ಇಂಗ್ಲಿಷ್ ಗೊತ್ತಿದ್ದು ಕನ್ನಡದಲ್ಲಿ ಹೇಳಬೇಕಾದವನಿಗೆ. ನಿಘಂಟುಗಳ ಇಸವಿ ನೋಡಿದರೆ ಯಾವ ಕಾಲದಲ್ಲಿ ಯಾರಿಗೆ ಯಾರ ಮಾತು ಬೇಕಿತ್ತು ಅನ್ನೋದು ತಿಳಿಯುತ್ತೆ.

ಇವರೆಲ್ಲರಿಗಿಂತ ದೊಡ್ಡ ಕೆಲಸ ಮಾಡಿದವನು ಫರ್ಡಿನಾಂಡ್ ಕಿಟೆಲ್. ಎಂ.ಜಿ. ರೋಡಿನಲ್ಲಿ ಮೇಯೋ ಹಾಲ್ ಹತ್ತಿರ ಅವನ ಪ್ರತಿಮೆ ಇದೆ. ವೀಕೆಂಡ್‌ನಲ್ಲಿ ಎಷ್ಟೋ ಸಲ ಅದರ ಮುಂದೇ ಹಾದುಹೋಗಿರ್ತೀರಿ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. 1853ರಲ್ಲಿ, 21ನೇ ವಯಸ್ಸಿಗೆ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ. ನಮ್ಮ ಫ್ರೆಶರ್‌ಗಳ ವಯಸ್ಸು! ಅವನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕ ಪುಟಗಳು. ಅಷ್ಟೊತ್ತಿಗೆ ಅವನಿಗೆ 62 ವರ್ಷ.

ಅವನು ಕಲಿತ ರೀತಿ ನೋಡಿ. ನಿಘಂಟು ಮುಗಿಸೋಕೆ ಮುಂಚೆ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ. ಅಂದರೆ ಹಳೇ ಕವಿಗಳು ಪದಗಳನ್ನ ಹೇಗೆ ಹೂಡ್ತಿದ್ದರು ಅನ್ನೋದನ್ನ ಮೊದಲು ನೋಡಿಕೊಂಡ. ಇನ್ನೊಂದು ಕಡೆ ಜನರ ಬಾಯಿಂದ ಗಾದೆಗಳನ್ನ ಕೂಡಿಹಾಕಿದ. ಅವನ ನಿಘಂಟು ತೆರೆದರೆ ಒಣ ಅರ್ಥ ಮಾತ್ರ ಇರಲ್ಲ. ಎಷ್ಟೋ ಪದಗಳ ಕೆಳಗೆ ಒಂದು ಗಾದೆ ಕೂತಿರುತ್ತೆ, ಇಲ್ಲಾ ಕಾವ್ಯದ ಪ್ರಯೋಗ. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಆ ಪದದ ದಾಯಾದಿಗಳು ಯಾರು ಅನ್ನೋದೂ ಇರುತ್ತೆ. ಅಕಾರಾದಿ ಕ್ರಮ ಹುಡುಕೋನಿಗೆ, ಗಾದೆ ಮತ್ತು ನೆಂಟಸ್ತಿಕೆ ಕಲಿಯೋನಿಗೆ. ಇಂಡೆಕ್ಸು, ಡೇಟಾ ಎರಡೂ ಒಂದೇ ಪುಸ್ತಕದಲ್ಲಿ. ಇಂಥ ಪುಸ್ತಕದಲ್ಲಿ ಇಗ್ರೀಜಿಯಸ್ ಸಿಕ್ಕಿದ್ದರೆ ನಾನು ಆ ಮೇಲ್ ಕಳಿಸ್ತಿರಲಿಲ್ಲ.

ದಿಕ್ಕು ತಿರುಗಿತು

ಕಿಟೆಲ್ ಕನ್ನಡ ಕಲೀತಿದ್ದ ಹೊತ್ತಿಗಾಗಲೇ ನಮ್ಮವರು ಇಂಗ್ಲಿಷ್ ಕಡೆ ಮುಖ ಮಾಡಿದ್ದರು. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆದರು. ಅದೇ ಮುಂದೆ ಮಹಾರಾಜಾ ಕಾಲೇಜಾಯಿತು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು. ಅದರ ಬಗ್ಗೆ ಎಲ್ಲರೂ ಮಾತಾಡ್ತಾರೆ. ನನಗನ್ನಿಸೋ ಹಾಗೆ ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು 1844ರ ಹಾರ್ಡಿಂಜ್ ಆದೇಶ. ಇಂಗ್ಲಿಷ್ ಓದಿದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಅಂತ ಅದು ಹೇಳ್ತು. ಅಲ್ಲಿಗೆ ಇಂಗ್ಲಿಷ್ ಪದಕ್ಕೆ ಸಂಬಳದ ಬೆಲೆ ಬಂತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ, 1858ರಲ್ಲಿ ಬೆಂಗಳೂರು ಹೈಸ್ಕೂಲು, ಅದೇ ನಮ್ಮ ಸೆಂಟ್ರಲ್ ಕಾಲೇಜು. ಪರೀಕ್ಷೆ ಬಂದ ಮೇಲೆ ಬಾಯಿಪಾಠ ಬರದೇ ಇರುತ್ತಾ?

ಆ ಬಾಯಿಪಾಠವನ್ನು ಮೊದಲು ಗೇಲಿ ಮಾಡಿದವರಲ್ಲಿ ಟಿ.ಪಿ. ಕೈಲಾಸಂ ಒಬ್ಬರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಇಂಗ್ಲಿಷ್ ಅವರಿಗೆ ನೀರು ಕುಡಿದ ಹಾಗೆ. ಅವರ 'ಟೊಳ್ಳು ಗಟ್ಟಿ' ನಾಟಕದಲ್ಲಿ ಪುಸ್ತಕ ಉರು ಹೊಡೆಯೋ ಮಗ ಮತ್ತು ಓದಿನಲ್ಲಿ ಹಿಂದಿದ್ದರೂ ಕಷ್ಟಕ್ಕಾಗೋ ಮಗ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಯಾರು ಟೊಳ್ಳು, ಯಾರು ಗಟ್ಟಿ ಅಂತ ಕೇಳ್ತಾರೆ. ಅವರ ಪಾತ್ರಗಳು ಆಡೋ ಕನ್ನಡ-ಇಂಗ್ಲಿಷ್ ಮಿಶ್ರಣ ಇವತ್ತಿನ ಬೆಳ್ಳಂದೂರಿನ ಕ್ಯಾಂಟೀನಿನಲ್ಲೂ ಹಳತು ಅನ್ನಿಸಲ್ಲ.

ಇನ್ನೊಬ್ಬರು ಬಿ.ಎಂ. ಶ್ರೀಕಂಠಯ್ಯ, ನಮ್ಮ ಬಿಎಂಶ್ರೀ. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರ್. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಅಂತ ಭಾಷಣ ಮಾಡಿದ್ದು ಇದೇ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದ ಅವರ 'ಇಂಗ್ಲಿಷ್ ಗೀತಗಳು' ಹೊಸಗನ್ನಡ ಕಾವ್ಯದ ದಾರಿಯನ್ನೇ ಬದಲಾಯಿಸಿತು. ಒಂದು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಸರಿಯಾದ ಪದ ಹುಡುಕಬೇಕಾದರೆ ಆ ಇಂಗ್ಲಿಷ್ ಪದದ ಬಣ್ಣ, ತೂಕ, ಕಾಲ ಎಲ್ಲಾ ಅಳೆದು ನೋಡಲೇಬೇಕು. ಪದ ಕಲಿಯೋಕೆ ಅನುವಾದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ಗೊತ್ತಿಲ್ಲ. 'ಅಸಾಧಾರಣವಾದ' ಅಂತ ಒಂದೇ ಮಾತಲ್ಲಿ ತೇಲಿಸಿದ ನನ್ನ ಗೈಡಿನವನು ಆ ಪರೀಕ್ಷೆಯಲ್ಲಿ ಫೇಲು.

ಕೈಲಾಸಂ, ಬಿಎಂಶ್ರೀ ಇಬ್ಬರೂ ಹುಟ್ಟಿದ್ದು 1884ರಲ್ಲಿ, ತೀರಿಕೊಂಡಿದ್ದು 1946ರಲ್ಲಿ. ಅದೇ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂತು. ರೀವ್‌ನ 1824ರ ನಿಘಂಟಿಗೂ ಇದಕ್ಕೂ ದಿಕ್ಕು ಒಂದೇ, ಇಂಗ್ಲಿಷಿನಿಂದ ಕನ್ನಡಕ್ಕೆ. ಆದರೆ ಅದು ಕನ್ನಡ ಕಲಿಯೋ ಬಿಳಿಯನಿಗೆ, ಇದು ಇಂಗ್ಲಿಷ್ ಓದೋ ಕನ್ನಡಿಗನಿಗೆ. ನೂರಿಪ್ಪತ್ತೆರಡು ವರ್ಷದಲ್ಲಿ ಪುಸ್ತಕದ ಹೆಸರು ಅದೇ ಉಳಿದು ಗಿರಾಕಿ ಬದಲಾಗಿದ್ದ.

ಫುಟ್‌ಪಾತಿನ ಗುರುಗಳು

1949ರಲ್ಲಿ ಅಮೆರಿಕದಲ್ಲಿ ನಾರ್ಮನ್ ಲೂಯಿಸ್ 'ವರ್ಡ್ ಪವರ್ ಮೇಡ್ ಈಸಿ' ಬರೆದ. ಈಗಲೂ ಬೆಂಗಳೂರಿನ ಯಾವ ಫುಟ್‌ಪಾತ್ ಪುಸ್ತಕದ ರಾಶಿಯಲ್ಲೂ ಅದು ಸಿಗುತ್ತೆ. ನಿಮ್ಮ ರೂಮ್‌ಮೇಟ್ ಹತ್ತಿರವೂ ಇರಬಹುದು, ಮೊದಲ ನಲವತ್ತು ಪುಟ ಮಾಸಿ, ಉಳಿದದ್ದು ಹೊಸದಾಗಿ. ಅದನ್ನು ಓದಿದವರಿಗೆ ಗೊತ್ತು, ಲೂಯಿಸ್ ಪದಗಳನ್ನ ಅಕಾರಾದಿಯಲ್ಲಿ ಇಡಲ್ಲ. ಮನುಷ್ಯರ ಸ್ವಭಾವಕ್ಕೆ ಒಂದು ಅಧ್ಯಾಯ, ಡಾಕ್ಟರುಗಳಿಗೆ ಒಂದು ಅಧ್ಯಾಯ. ಒಂದು ಲ್ಯಾಟಿನ್ ಬೇರು ಹಿಡಿದು ಅದರ ಕೊಂಬೆಗಳನ್ನೆಲ್ಲಾ ತೋರಿಸ್ತಾನೆ. ಅಮರಸಿಂಹನ ವರ್ಗಗಳಿಗೂ ಕಿಟೆಲ್‌ನ ದಾಯಾದಿಗಳಿಗೂ ಅವನು ಹತ್ತಿರದ ನೆಂಟ. 'ಗ್ರೆಕ್ಸ್' ಸಂಸಾರದ ಪರಿಚಯ ನನಗೆ ಆಗಿದ್ದೂ ಇಂಥ ಬೇರಿನ ಪಾಠಗಳಿಂದಲೇ.

ಅಕಾರಾದಿ ಪಟ್ಟಿಗಳು ನಮ್ಮಲ್ಲಿ ಜೋರಾಗಿದ್ದು ಅಮೆರಿಕಕ್ಕೆ ಹೋಗೋ ಪರೀಕ್ಷೆಗಳ ಜೊತೆಗೆ. ಜಿಆರ್‌ಇಯಲ್ಲಿ ಒಂದು ಪದ ಕೊಟ್ಟು ವಿರುದ್ಧ ಪದ ಕೇಳ್ತಿದ್ದರು. ಅದಕ್ಕೆ ಪಟ್ಟಿಯ ಉರು ಸಾಕಾಗ್ತಿತ್ತು. 2011ರ ಆಗಸ್ಟ್‌ನಲ್ಲಿ ಆ ಪರೀಕ್ಷೆಯೇ ಬದಲಾಯಿತು. ಬಿಡಿ ಬಿಡಿಯಾಗಿ ವಿರುದ್ಧ ಪದ ಕೇಳೋದನ್ನ, ಪದಜೋಡಿಗಳ ಪ್ರಶ್ನೆಗಳನ್ನ ತೆಗೆದುಹಾಕಿದರು. ವಾಕ್ಯದೊಳಗೆ ಯಾವ ಪದ ಕೂರುತ್ತೆ ಅನ್ನೋದು ಮುಖ್ಯವಾಯಿತು. ಪಟ್ಟಿ ಹುಟ್ಟಿಸಿದ ಪರೀಕ್ಷೆಯೇ ಪಟ್ಟಿಯನ್ನ ಕೈಬಿಟ್ಟಿತು. ಸುದ್ದಿ ನಮ್ಮ ಹುಡುಗರಿಗೆ ಇನ್ನೂ ತಲುಪಿಲ್ಲ.

ಈ ನಡುವೆ ನಮ್ಮೂರೇ ಒಂದು ಇಂಗ್ಲಿಷ್ ಪದ ಆಗಿಹೋಯಿತು. 2000ದ ದಶಕದಲ್ಲಿ ಔಟ್‌ಸೋರ್ಸಿಂಗ್‌ನಿಂದ ಕೆಲಸ ಕಳಕೊಂಡ ಅಮೆರಿಕನ್ನರು 'ಬ್ಯಾಂಗಲೋರ್ಡ್' ಅನ್ನೋಕೆ ಶುರು ಮಾಡಿದರು, ಟೀ ಶರ್ಟಿನ ಮೇಲೂ ಅಚ್ಚು ಹಾಕಿಸಿದರು. ಯಾರೂ ಅದನ್ನ ಪಟ್ಟಿಯಿಂದ ಕಲಿತದ್ದಲ್ಲ. ಹೊಟ್ಟೆಗೆ ಬಿದ್ದ ಏಟು ಆ ಪದವನ್ನ ಹೇಳಿಸಿತು.

ತಿಪಟೂರಿನವನಾಗಿ ಇನ್ನೊಂದು ಹೇಳ್ತೀನಿ. ಇಂಗ್ಲಿಷಿನ 'ಕೊಪ್ರಾ' ಅಂದರೆ ನಮ್ಮ ಕೊಬ್ಬರಿಯೇ, ಮಲಯಾಳದಿಂದ ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ತೆಂಗಿನ ನಾರಿಗೆ ಅನ್ನೋ 'ಕಾಯರ್' ಕೂಡ ಮಲಯಾಳದ್ದೇ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅನ್ನೋರು 'ಹಾಬ್ಸನ್-ಜಾಬ್ಸನ್' ಅಂತ ಇಂಥ ಪದಗಳದ್ದೇ ದಪ್ಪನೆಯ ಕೋಶ ಮಾಡಿದರು. ನಾನು ಅಟ್ಟದ ಮೇಲೆ ಕೊಬ್ಬರಿ ರಾಶಿಯ ಪಕ್ಕ ಕೂತು ಅಬೇಟ್, ಅಬೆರಂಟ್ ಅಂತ ಉರು ಹೊಡೀತಿದ್ದೆ.

ಕೆರೆ ವರ್ಗ

ಮುಚ್ಚಿದ ನನ್ನ ಬಾಯಿ ಮತ್ತೆ ತೆರೆದದ್ದು ಆಫೀಸಿನಲ್ಲಿ ಅಲ್ಲ, ಬೆಳ್ಳಂದೂರು ಕೆರೆಯ ದೆಸೆಯಿಂದ.

2015ರಲ್ಲಿ ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದು, ಕೆರೆಗೇ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. 2017ರ ಫೆಬ್ರವರಿಯಲ್ಲಿ ಮತ್ತೆ ಹೊಗೆ ಎದ್ದಿತು, ಹಸಿರು ನ್ಯಾಯಮಂಡಳಿ ವಿಚಾರಣೆಗೆ ತಗೊಂಡಿತು. ಆ ದಿನಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಸಭೆ ಆಯಿತು. ಯಾರೋ ಒಂದು ವರದಿ ಓದ್ತಿದ್ದರು. ಎಫ್ಲುಯೆಂಟ್, ಸರ್ಫ್ಯಾಕ್ಟಂಟ್, ಸ್ಲೂಸ್, ವೇಸ್ಟ್ ವಿಯರ್... ದಿಲ್ಲಿ, ಪುಣೆ, ಚೆನ್ನೈಯಿಂದ ಬಂದ, ನನಗಿಂತ ಎಷ್ಟೋ ಚೆಂದ ಇಂಗ್ಲಿಷ್ ಆಡೋ ಜನ. "ವಿಯರ್ ಅಂದರೇನು?" ಅಂತ ಒಬ್ಬರು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ನನಗೂ ಆ ಪದ ಗೊತ್ತಿರಲಿಲ್ಲ. ಆದರೆ ಪರದೆಯ ಮೇಲೆ ನಕ್ಷೆ ಇತ್ತು. ಅದನ್ನ ನೋಡಿದ ಕೂಡಲೇ ಗೊತ್ತಾಯಿತು, ಅದು ಕೋಡಿ! ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದು ಹೋಗೋ ಜಾಗ. ಹಾಗಾದರೆ ಸ್ಲೂಸ್ ಅಂದರೆ ತೂಬು, ಗದ್ದೆಗೆ ನೀರು ಬಿಡೋದು. ಬಂಡ್ ಅಂದರೆ ಏರಿ. ಸಿಲ್ಟ್ ಅಂದರೆ ಹೂಳು. ಕಮಾಂಡ್ ಏರಿಯಾ ಅಂದರೆ ಅಚ್ಚುಕಟ್ಟು. ನಮ್ಮೂರ ಕೆರೆಯಲ್ಲಿ ಇವೆಲ್ಲವೂ ಇದ್ದವು, ತೂಬು ಎತ್ತೋಕೆ ನೀರುಗಂಟಿಯೂ ಇದ್ದ.

ಎದ್ದು ನಿಂತೆ. ಹತ್ತು ನಿಮಿಷ ಮಾತಾಡಿದೆ, ಇಂಗ್ಲಿಷಿನಲ್ಲೇ. ಒಂದು ಕೆರೆ ಹೇಗೆ ತುಂಬುತ್ತೆ, ಎಲ್ಲಿ ಹರಿಯುತ್ತೆ, ಮೇಲಿನ ಕೆರೆಯ ಕೋಡಿ ಹೇಗೆ ಕೆಳಗಿನ ಕೆರೆಗೆ ನೀರು ತಲುಪಿಸುತ್ತೆ, ಬಟ್ಟೆ ಒಗೆದ ಸೋಪಿನ ನೀರು ಶುದ್ಧವಾಗದೆ ಬಂದು ಕೋಡಿಯಲ್ಲಿ ಧುಮುಕಿದಾಗ ನೊರೆ ಯಾಕೆ ಏಳುತ್ತೆ ಅಂತ. ವ್ಯಾಕರಣ ಎರಡು ಮೂರು ಕಡೆ ತಪ್ಪಿತು. ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಆ ಸಂಜೆ ಕಲಿತ ಪದಗಳಲ್ಲಿ ಒಂದನ್ನೂ ಇವತ್ತಿಗೂ ಮರೆತಿಲ್ಲ. ಒಂದು ದಿನವೂ ಬಾಯಿಪಾಠ ಮಾಡಿಲ್ಲ.

ಅಮರಕೋಶದ ವಾರಿವರ್ಗ ಯಾಕೆ ಆ ಥರ ಇದೆ ಅನ್ನೋದು ನನಗೆ ಅವತ್ತು ಅರ್ಥವಾಯಿತು. ಪದಗಳು ಕೆರೆಯ ಸುತ್ತ ಬದುಕ್ತವೆ, ಮಂದೆಯ ಸುತ್ತ ಬದುಕ್ತವೆ. ವಸ್ತು ಕೈಯಲ್ಲಿದ್ದರೆ ಪದ ಬಂದು ಅಂಟಿಕೊಳ್ಳುತ್ತೆ, ಯಾವ ಭಾಷೆಯದ್ದಾದರೂ. ಹಳ್ಳಿಯಿಂದ ಬಂದ ನಮ್ಮ ಹತ್ತಿರ ಇಂಗ್ಲಿಷ್ ಪದ ಕಡಿಮೆ ಇರಬಹುದು, ಅದು ಅಂಟಿಕೊಳ್ಳೋಕೆ ಬೇಕಾದ ವಸ್ತು ಬೇಕಾದಷ್ಟಿದೆ. ಪ್ರಜಾವಾಣಿಯಲ್ಲಿ 1991ರಿಂದ 'ಇಗೋ ಕನ್ನಡ' ಅಂಕಣ ಬರೆದ ಜಿ. ವೆಂಕಟಸುಬ್ಬಯ್ಯನವರು ಮಾಡ್ತಿದ್ದದ್ದೂ ಇದೇ. ಓದುಗರು ತಮಗೆ ಎಡವಿದ ಪದವನ್ನ ಕೇಳ್ತಿದ್ದರು, ಅವರು ಆ ಪದದ ಹಿಂದುಮುಂದು ಹೇಳ್ತಿದ್ದರು. ಕೇಳಿದವನಿಗೆ ಬೇಕಾಗಿದ್ದ ಪದ, ಬೇಕಾದ ಹೊತ್ತಿಗೆ. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡ ಅವರು ಒಂದು 'ಕ್ಲಿಷ್ಟಪದಕೋಶ'ವನ್ನೂ ಮಾಡಿದ್ದರು. ಕಷ್ಟದ ಪದಗಳಿಗೆ ಅವರು ಬೆನ್ನು ಹಾಕಿದವರಲ್ಲ. ನಾನೂ ಹಾಕಿ ಅನ್ನಲ್ಲ. ಒಂದೊಂದನ್ನೂ ಅದರ ಸಂಸಾರ ಸಮೇತ ಕರಕೊಂಡು ಬನ್ನಿ ಅನ್ನೋದಷ್ಟೇ ನನ್ನ ಮಾತು.

ಟೀ ಅಂಗಡಿಯಲ್ಲಿ ಆ ಹುಡುಗನಿಗೆ ಇಷ್ಟೆಲ್ಲಾ ಹೇಳಲಿಲ್ಲ. ಹಿಂಡಿನ ಕತೆ ಮಾತ್ರ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ನಮ್ಮ ಮನ್ಯಾಗ ನಲವತ್ತ ಕುರಿ ಅದಾವ್ರಿ ಅಣ್ಣಾರ. ಹಂಗಾರ ಅಗ್ರಿಗೇಟ್ ಅಂದ್ರ ಸಂಜಿ ಮುಂದ ಕುರಿ ಕೂಡ್ಸಿ ಎಣಿಸೂದು. ಗ್ರೂಪ್ ಬೈ ಅಂದ್ರ ಮರಿ ಬ್ಯಾರೆ, ಟಗರ ಬ್ಯಾರೆ?"

"ಅಷ್ಟೇ ಕಣೋ" ಅಂದೆ. ನನಗೂ ಅದು ಅಷ್ಟು ಚೆನ್ನಾಗಿ ಹೊಳೆದಿರಲಿಲ್ಲ.

ನೋಟ್‌ಬುಕ್ಕನ್ನು ಅವನು ಬಿಸಾಕಲಿಲ್ಲ. ಉಲ್ಟಾ ತಿರುಗಿಸಿ ಹಿಂದಿನ ಪುಟದಿಂದ ಶುರು ಮಾಡಿದ್ದಾನೆ. ಮೊದಲ ಪುಟದ ಮೇಲೆ 'ಕುರಿ', ಎರಡನೇದರ ಮೇಲೆ 'ಮಳಿ', ಮೂರನೇದರ ಮೇಲೆ 'ಸರ್ವರ್ ಡೌನ್'. ಒಂದೊಂದರ ಕೆಳಗೆ ಐದಾರು ಪದ, ಒಂದೊಂದು ಪದಕ್ಕೆ ಅವನದ್ದೇ ಒಂದು ವಾಕ್ಯ.

ಹೋದ ವಾರ ರಿವ್ಯೂ ಮೀಟಿಂಗಿನಲ್ಲಿ ಯಾರೋ ಒಂದು ಡಿಸೈನ್ ತೋರಿಸ್ತಿದ್ದರು. ಎಲ್ಲರೂ ತಲೆ ಆಡಿಸ್ತಿದ್ದೆವು. ಮ್ಯೂಟ್ ತೆಗೆದ ಸದ್ದಾಯಿತು. ಇದು ಲೋಡ್ ತಡೆಯಲ್ಲ ಅಂತ ಅವನು ಹೇಳಿದ, ಯಾಕೆ ಅಂತಲೂ ಹೇಳಿದ. ಸರಿಯಾಗೇ ಹೇಳಿದ. ಡಿಸೈನ್ ವಾಪಸ್ ಹೋಯಿತು.

ಅವತ್ತು ಅವನು ಬಳಸಿದ ಅತಿ ದೊಡ್ಡ ಪದ 'ಬಿಕಾಸ್'.